ಕಾಲರ್ ಬೋನ್ ಮುರಿದ ಮೇಲಿನ 12 ವಾರ

ಸೈಕಲ್ಲಿನಲ್ಲಿ ನಂದಿ ಬೆಟ್ಟ ಇಳಿಯುವಾಗ ಎಡತಿರುವಿನಲ್ಲಿ ಮರಳು ಬಿದ್ದಿತ್ತು. ಮುಂದಿನ ಚಕ್ರ ಜಾರಿತು, ಎಡಭುಜ ಟಾರಿಗೆ ಬಡಿಯಿತು, ಕಾಲರ್ ಬೋನ್ (ಕುತ್ತಿಗೆಯ ಬುಡದಿಂದ ಭುಜದವರೆಗಿನ ಎಲುಬು) ಮುರಿಯಿತು. ಬಿದ್ದ ಕಥೆ ಇಷ್ಟೇ. ಆಮೇಲಿನ 12 ವಾರ ಏನೇನು ಮಾಡಿದೆ, ಯಾವುದು ಕೆಲಸಕ್ಕೆ ಬಂತು, ಎಲ್ಲಿ ಎಡವಟ್ಟಾಗುತ್ತದೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಹಿಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಲು ಒಂದು ಕ್ಷಣವಾದರೂ ಸಿಗುತ್ತದೆ. ಮುಂದಿನದು ಜಾರಿದರೆ ಅದೂ ಇಲ್ಲ. ಕೈ ಇನ್ನೂ ಹ್ಯಾಂಡಲ್ ಮೇಲಿರುವಾಗಲೇ ಭುಜ ನೆಲ ಮುಟ್ಟಿರುತ್ತದೆ. ತೋಳಿಗೂ ಎದೆಗೂಡಿಗೂ ನಡುವೆ ಇರುವ ಒಂದೇ ಒಂದು ಎಲುಬಿನ ಸೇತುವೆ ಕಾಲರ್ ಬೋನ್, ಹಾಗಾಗಿ ಆ ಪೆಟ್ಟೆಲ್ಲ ಅದರ ಮೂಲಕವೇ ಹಾಯಬೇಕು. ಅದು ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಎರಡು ಕಡೆ ಬಾಗಿದೆ. ಬಾಗು ಬದಲಾಗುವ ನಡುಭಾಗವೇ ಎಲ್ಲಕ್ಕಿಂತ ತೆಳು, ಅದರ ಮೇಲೆ ಮಾಂಸದ ಹೊದಿಕೆಯೂ ಕಡಿಮೆ. ಹೆಚ್ಚಿನವರಿಗೆ ಮುರಿಯುವುದು ಅಲ್ಲೇ. ನನಗೂ ಅಲ್ಲೇ.

ಬಿದ್ದ ಕೂಡಲೇ ಎದ್ದು ಸೈಕಲ್ ಎತ್ತಲು ಹೋಗುತ್ತೇವೆ. ಬೇಡ. ಸೈಕಲ್ಲನ್ನು ಜೊತೆಗಿದ್ದವರು ನೋಡಿಕೊಳ್ಳಲಿ, ಇನ್ನೊಬ್ಬರು ತಿರುವಿನ ಮೇಲುಗಡೆ ಹೋಗಿ ಬರುವ ಗಾಡಿಗಳನ್ನು ನಿಧಾನ ಮಾಡಿಸಲಿ. ಕುತ್ತಿಗೆಯ ನಡು ಎಲುಬು ನೋಯುತ್ತಿದ್ದರೆ, ಕೈಕಾಲು ಜೋಮು ಹಿಡಿದಂತಿದ್ದರೆ ಅಲುಗಾಡದೆ ಮಲಗಿದ್ದು 108ಕ್ಕೆ ಫೋನ್ ಮಾಡಿಸಬೇಕು. ಅದೊಂದೂ ಇಲ್ಲವೆಂದರೆ ರಸ್ತೆ ಬದಿಗೆ ಬಂದು ಕೂತು, ಮೈ ಬಿಸಿ ಆರುವವರೆಗೆ 10 ನಿಮಿಷ ಕಾಯಬೇಕು. ಮೈ ಬಿಸಿಯಲ್ಲಿ ನೋವು ಗೊತ್ತಾಗುವುದಿಲ್ಲ. ಮುರಿದ ಎಲುಬಿಟ್ಟುಕೊಂಡು ಮನೆವರೆಗೆ ಪೆಡಲ್ ತುಳಿದವರು ಎಷ್ಟೋ ಮಂದಿ.

ಆ 10 ನಿಮಿಷದಲ್ಲಿ ಜೊತೆಗಾರರು ನೋಡಬೇಕಾದದ್ದು ಮೊದಲು ತಲೆ. ಇವತ್ತು ಯಾವ ವಾರ, ಎಲ್ಲಿಂದ ಹೊರಟೆವು, ಎಲ್ಲಿ ಕಾಫಿ ಕುಡಿದೆವು ಎಂದು ಕೇಳಬೇಕು. ತಡವರಿಸಿದರೆ, ಹೇಳಿದ್ದನ್ನೇ ಮತ್ತೆ ಕೇಳಿದರೆ ಆ ದಿನದ ಸವಾರಿ ಅಲ್ಲಿಗೆ ಮುಗಿಯಿತು. ಪದೇ ಪದೇ ವಾಂತಿ, ಏರುತ್ತಲೇ ಹೋಗುವ ತಲೆನೋವು, ಮಂಪರು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಾಣುವುದು, ಮೂಗು ಕಿವಿಯಿಂದ ನೀರಿನಂಥದ್ದು ಸೋರುವುದು: ಇವುಗಳಲ್ಲಿ ಯಾವೊಂದು ಕಂಡರೂ ನೇರ ಕ್ಯಾಶುವಾಲ್ಟಿಗೆ. ಕೆಲವು ಲಕ್ಷಣಗಳು 24ರಿಂದ 48 ಗಂಟೆ ತಡವಾಗಿಯೂ ಬರುತ್ತವೆ, ಅದಕ್ಕೇ ತಲೆಗೆ ಪೆಟ್ಟು ಬಿದ್ದವರು ಆ ರಾತ್ರಿ ಒಬ್ಬರೇ ಮಲಗಬಾರದು. ತಲೆ ಮತ್ತು ಹೊಟ್ಟೆ ಸರಿಯಿದೆ ಎಂದು ಡಾಕ್ಟರು ಹೇಳುವ ತನಕ ಆಸ್ಪಿರಿನ್, ಐಬುಪ್ರೊಫೇನ್ ಜಾತಿಯ ನೋವಿನ ಮಾತ್ರೆ ನುಂಗಬೇಡಿ. ಒಳಗೆ ರಕ್ತ ಸೋರುತ್ತಿದ್ದರೆ ಅದು ಹೆಪ್ಪುಗಟ್ಟುವುದನ್ನು ಅವು ತಡೆಯುತ್ತವೆ.

ಹೊಟ್ಟೆಯ ವಿಷಯವನ್ನು ಯಾರೂ ಲಕ್ಷ್ಯಕ್ಕೆ ತಗೊಳ್ಳುವುದಿಲ್ಲ. ಬೀಳುವಾಗ ಹ್ಯಾಂಡಲ್‌ನ ತುದಿ ತಿರುಗಿ ಪಕ್ಕೆಗೆ ಗುದ್ದಿದರೆ ಚರ್ಮದ ಮೇಲೆ ರೂಪಾಯಿಯಷ್ಟಗಲದ ಗುಂಡು ಗುರುತು ಮಾತ್ರ ಉಳಿಯುತ್ತದೆ, ಒಳಗೆ, ಎಡ ಪಕ್ಕೆಲುಬುಗಳ ಹಿಂದಿರುವ ಗುಲ್ಮ (ಸ್ಪ್ಲೀನ್) ಸೀಳಿರಬಹುದು. ಎಡ ಪಕ್ಕೆಗೆ ಪೆಟ್ಟು ಬಿದ್ದು, ಭುಜಕ್ಕೆ ಏನೂ ಆಗದಿದ್ದರೂ ಎಡಭುಜದ ತುದಿ ನೋಯುತ್ತಿದ್ದರೆ ತಡ ಮಾಡಲೇಬೇಡಿ. ಹ್ಯಾಂಡಲ್ ತುದಿಯ ಪ್ಲಗ್ ಬಿದ್ದುಹೋದ ಸೈಕಲ್ಲನ್ನು ನಾನು ರಸ್ತೆಗೇ ಇಳಿಸುವುದಿಲ್ಲ. ಬರಿಯ ಕೊಳವೆ ಬಿಲ್ಲೆ ಕತ್ತರಿಸುವ ಅಚ್ಚಿನ ಹಾಗೆ ಮೈಯನ್ನು ಕತ್ತರಿಸುತ್ತದೆ.

ಅಂಗೈ ಊರಿ ಬಿದ್ದಿದ್ದರೆ ಹೆಬ್ಬೆರಳನ್ನು ಮೇಲಕ್ಕೆತ್ತಿ ನೋಡಿ. ಅದರ ಬುಡದಲ್ಲಿ, ಮಣಿಕಟ್ಟಿನ ಪಕ್ಕಕ್ಕೆ ಒಂದು ಸಣ್ಣ ಗುಳಿ ಕಾಣುತ್ತದೆ. ಅಲ್ಲಿ ಒತ್ತಿದಾಗ ಚುರುಕ್ಕೆಂದರೆ ಒಳಗಿನ ಸ್ಕೇಫಾಯ್ಡ್ ಎಂಬ ಪುಟ್ಟ ಎಲುಬು ಬಿರುಕು ಬಿಟ್ಟಿರಬಹುದು. ಮೊದಲ ದಿನದ ಎಕ್ಸ್‌ರೇಯಲ್ಲಿ ಅದು ಎಷ್ಟೋ ಸಲ ಕಾಣುವುದೇ ಇಲ್ಲ. ಉಳುಕು ಅಂದುಕೊಂಡು ಬಿಟ್ಟರೆ, ರಕ್ತಸಂಚಾರ ಕಡಿಮೆ ಇರುವ ಎಲುಬಾದ್ದರಿಂದ, ಕೂಡದೆ ಉಳಿದು ಮಣಿಕಟ್ಟೇ ಹಾಳಾಗುತ್ತದೆ. ಪಟ್ಟಿ ಹಾಕಿಸಿಕೊಂಡು 10ರಿಂದ 14 ದಿನಕ್ಕೆ ಇನ್ನೊಂದು ಎಕ್ಸ್‌ರೇ ತೆಗೆಸಲೇಬೇಕು.

ಇನ್ನು ತರಚು ಗಾಯ. ಎಲುಬಿಗಿಂತ ಹೆಚ್ಚು ನಿದ್ದೆ ಕೆಡಿಸಿದ್ದು ಇದು. ಸೊಂಟದ ಪಕ್ಕ ಒಂದಂಗೈ, ಮೊಣಕೈ, ಮೊಣಕಾಲಿನ ಹೊರಬದಿ. ಇದರಲ್ಲಿ ಫಲ ನಿರ್ಧಾರವಾಗುವುದು ಮೊದಲ ತೊಳೆತದಲ್ಲೇ. ಹರಿಯುವ ಶುದ್ಧ ನೀರು, ಸಾಧಾರಣ ಸೋಪು, ಒದ್ದೆ ಗಾಜ್ ಬಟ್ಟೆ. ನೀರು ಸುರಿಯುತ್ತಲೇ ಆ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿ, ಕಪ್ಪು ಚುಕ್ಕೆ ಒಂದೂ ಉಳಿಯದಂತೆ ಮರಳನ್ನೂ ಟಾರಿನ ಪುಡಿಯನ್ನೂ ತೆಗೆಯಬೇಕು. ಅಳು ಬರುತ್ತದೆ, ಬರಲಿ. ಉಳಿದ ಪುಡಿಯ ಮೇಲೆ ಚರ್ಮ ಬೆಳೆದರೆ ಅದು ಹಚ್ಚೆಯ ಹಾಗೆ ಜೀವನಪೂರ್ತಿ ನಿಲ್ಲುತ್ತದೆ. ಆಳಕ್ಕೆ ಕೂತಿದ್ದರೆ ಮರಗಟ್ಟಿಸುವ ಜೆಲ್ ಹಚ್ಚಿ ತೆಗೆಯಿರಿ ಎಂದು ಕ್ಯಾಶುವಾಲ್ಟಿಯಲ್ಲಿ ಬಾಯಿಬಿಟ್ಟು ಕೇಳಿ. ಮನೆಯಲ್ಲಿ ತೊಳೆಯಲು 1 ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ ಉಪ್ಪು ಹಾಕಿದರೆ ಸಾಕು.

ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್, ನೀರು ಬೆರೆಸದ ಡೆಟ್ಟಾಲ್ ಬೇಡ. ಕ್ರಿಮಿಯ ಜೊತೆಗೆ ಹೊಸದಾಗಿ ಹುಟ್ಟುತ್ತಿರುವ ಚರ್ಮವೂ ಸಾಯುತ್ತದೆ. ಅರಿಶಿನ, ಕಾಫಿಪುಡಿ ಮೆತ್ತಲು ಮನೆಯ ಹಿರಿಯರು ಪ್ರೀತಿಯಿಂದಲೇ ಬರುತ್ತಾರೆ, ಕೈಮುಗಿದು ಬೇಡವೆನ್ನಿ. ತೊಳೆದು ತೆಗೆದ ಪುಡಿಯ ಜಾಗಕ್ಕೆ ಇನ್ನೊಂದು ಪುಡಿ ತುಂಬಿದಂತಾಗುತ್ತದೆ ಅಷ್ಟೇ. ಟಿಟಿ ಇಂಜೆಕ್ಷನ್ ತೆಗೆದುಕೊಂಡು 5 ವರ್ಷ ದಾಟಿದ್ದರೆ ಇಂಥ ಮಣ್ಣು ಹತ್ತಿದ ಗಾಯಕ್ಕೆ ಮತ್ತೊಂದು ಬೇಕು.

ಗಾಳಿಗೆ ಬಿಟ್ಟು ಒಣಗಿಸಿದರೆ ಬೇಗ ವಾಸಿಯಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ತೇವ ಕಾಪಾಡಿದ ಗಾಯದ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹರಡುತ್ತದೆಂದು ಜಾರ್ಜ್ ವಿಂಟರ್ 1962ರಲ್ಲೇ ಹಂದಿಗಳ ಮೇಲಿನ ಪ್ರಯೋಗದಲ್ಲಿ ತೋರಿಸಿದ್ದರು. ಮೊಣಕಾಲಿನ ಮೇಲೆ ಹಕ್ಕಳೆ ಕಟ್ಟಿದರೆ ಪ್ರತಿ ಸಲ ಮಡಚಿದಾಗಲೂ ಸೀಳಿ ಮತ್ತೆ ಮೊದಲಿಂದ ಶುರು. ನಾನು ಮೊದಲ 2 ದಿನ, ರಸ ಜಾಸ್ತಿ ಸೋರುವಾಗ, ಪ್ಯಾರಾಫಿನ್ ಗಾಜ್ (ಗಾಯಕ್ಕೆ ಅಂಟದಂತೆ ಜಿಡ್ಡು ಸವರಿದ ಬಟ್ಟೆ) ಇಟ್ಟು ಮೇಲೆ ದಪ್ಪ ಪ್ಯಾಡ್ ಕಟ್ಟಿ ದಿನಕ್ಕೊಮ್ಮೆ ಬದಲಿಸಿದೆ. ಮೂರನೇ ದಿನದಿಂದ ಹೈಡ್ರೋಕೊಲಾಯ್ಡ್ ಪಟ್ಟಿ, ಅಂದರೆ ಗಾಯದ ರಸ ಹೀರಿ ತೇವ ಕಾಪಾಡುವ ಅಂಟುಪಟ್ಟಿ. ಗಾಯಕ್ಕಿಂತ ಸುತ್ತ 2 ಸೆಂ.ಮೀ. ದೊಡ್ಡದಾಗಿ ಕತ್ತರಿಸಿ, ಮೂಲೆಗಳನ್ನು ಗುಂಡಗೆ ಮಾಡಿ (ಚೂಪು ಮೂಲೆ ಬಟ್ಟೆಗೆ ತಾಗಿ ಏಳುತ್ತದೆ), ಅಂಗೈಯಲ್ಲಿ 1 ನಿಮಿಷ ಬೆಚ್ಚಗೆ ಒತ್ತಿ ಹಿಡಿದು ಅಂಟಿಸಬೇಕು. 3ರಿಂದ 5 ದಿನ ಬಿಚ್ಚುವಂತಿಲ್ಲ. ಒಳಗೆ ಹಳದಿ ಬಣ್ಣದ ಅಂಟು ಶೇಖರವಾಗಿ ವಾಸನೆ ಬರುತ್ತದೆ. ಅದು ಕೀವಲ್ಲ. ಅಂಚಿನಿಂದಾಚೆ ಕೆಂಪು ಹರಡುತ್ತಿದ್ದರೆ, ನೋವು ಇಳಿಯುವ ಬದಲು ಏರುತ್ತಿದ್ದರೆ, ಜ್ವರ ಬಂದರೆ ಆಗ ಅದು ಸೋಂಕು, ಪಟ್ಟಿ ಕಿತ್ತು ಡಾಕ್ಟರ ಹತ್ತಿರ ಹೋಗಬೇಕು. ಸವಾರರು ಕಾಲಿನ ಕೂದಲು ಬೋಳಿಸುವುದನ್ನು ನೋಡಿ ನಗುವವರಿಗೆ ಇಂಥ ಪಟ್ಟಿ ಕೀಳುವಾಗ ಕಾರಣ ತಿಳಿಯುತ್ತದೆ. ಗುಲಾಬಿ ಬಣ್ಣದ ಹೊಸ ಚರ್ಮಕ್ಕೆ ಕನಿಷ್ಠ 6 ತಿಂಗಳು ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್, ಇಲ್ಲದಿದ್ದರೆ ಆ ಜಾಗ ಕಪ್ಪಾಗಿಯೇ ಉಳಿಯುತ್ತದೆ.

ಈಗ ಎಲುಬು. ಕಾಲರ್ ಬೋನ್ ನಡುವೆ ಮುರಿದಾಗ ಒಳತುಂಡನ್ನು ಕುತ್ತಿಗೆಯ ಸ್ನಾಯು ಮೇಲಕ್ಕೆ ಎಳೆಯುತ್ತದೆ, ಹೊರತುಂಡು ತೋಳಿನ ಭಾರಕ್ಕೆ ಕೆಳಗೆ ಜಗ್ಗುತ್ತದೆ. ತುಂಡುಗಳು ಒಂದರ ಮೇಲೊಂದು ಸರಿದು ಎಲುಬು 2 ಸೆಂ.ಮೀ.ಗಿಂತ ಹೆಚ್ಚು ಗಿಡ್ಡವಾಗಿದ್ದರೆ, ತುದಿ ಚರ್ಮವನ್ನು ಒಳಗಿನಿಂದ ಗುಡಾರದ ಹಾಗೆ ಎತ್ತಿದ್ದರೆ, ಬೆರಳು ಮರಗಟ್ಟಿದ್ದರೆ ಪ್ಲೇಟ್ ಹಾಕುವ ಮಾತು ಬರುತ್ತದೆ. ನನ್ನದು 1 ಸೆಂ.ಮೀ. ಸರಿದಿತ್ತು. ಆಪರೇಷನ್ ಬೇಡವೆಂದು ಮೂಳೆ ಡಾಕ್ಟರು ಹೇಳಿದರು. ಬರಿ ಸ್ಲಿಂಗ್, ಅಂದರೆ ಕೈಯನ್ನು ಕುತ್ತಿಗೆಯಿಂದ ತೂಗುಹಾಕುವ ಪಟ್ಟಿ. ಬೆನ್ನಿಗೆ ಇಂಗ್ಲಿಷಿನ 8ರ ಆಕಾರದಲ್ಲಿ ಬಿಗಿಯುವ ಪಟ್ಟಿಯಿಂದ ಸ್ಲಿಂಗಿಗಿಂತ ಹೆಚ್ಚಿನ ಲಾಭವಿಲ್ಲ, ಕಂಕುಳು ಕೊಯ್ಯುವುದು ಮಾತ್ರ ಜಾಸ್ತಿ. ನಾಟಿ ಕಟ್ಟು ಹಾಕಿಸು ಎನ್ನುವವರು ಸಿಕ್ಕೇ ಸಿಗುತ್ತಾರೆ. ಈ ಎಲುಬಿನ ಕೆಳಗೇ ತೋಳಿನ ದೊಡ್ಡ ರಕ್ತನಾಳವೂ ನರಗಳೂ ಹಾದುಹೋಗುತ್ತವೆ, ಅಲ್ಲಿ ಕೈಯಿಟ್ಟು ತಿಕ್ಕಿಸಿಕೊಳ್ಳಬೇಡಿ.

ಸ್ಲಿಂಗಿನಲ್ಲಿ ಮೊಣಕೈ 90 ಡಿಗ್ರಿ, ಮಣಿಕಟ್ಟು ಮೊಣಕೈಗಿಂತ ಒಂದಿಷ್ಟು ಮೇಲೆ. ಪಟ್ಟಿ ಸಡಿಲವಾಗಿ ಮೊಣಕೈ ಕೆಳಗೆ ಜೋತರೆ ಮುರಿದ ತುದಿಗಳು ದೂರವಾಗುತ್ತವೆ. ಮೊದಲ ದಿನದಿಂದಲೇ ಗಂಟೆಗೊಮ್ಮೆ ಬೆರಳು ಮಡಚಿ ಬಿಡಿಸುವುದು 20 ಸಲ, ಮಣಿಕಟ್ಟು ತಿರುಗಿಸುವುದು, ದಿನಕ್ಕೆ ಮೂರ್ನಾಲ್ಕು ಸಲ ಸ್ಲಿಂಗ್ ಬಿಚ್ಚಿ ಮೊಣಕೈ ನೀಡುವುದು. ಇದನ್ನು ಬಿಟ್ಟವರಿಗೆ ಎಲುಬು ಕೂಡಿದರೂ ಮೊಣಕೈ ಬಿರುಸಾಗಿ ಕೂರುತ್ತದೆ.

ಮಲಗಲು 10 ದಿನ ಒರಗು. ಗೋಡೆಗೆ 2 ದಿಂಬು ಇಳಿಜಾರಾಗಿ ಇಟ್ಟು, ಬೆನ್ನು ಸುಮಾರು 40 ಡಿಗ್ರಿ ಏರಿರುವಂತೆ, ಎಡ ಮೊಣಕೈ ಕೆಳಗೆ ಮಡಚಿದ ಟವೆಲ್. ಟವೆಲ್ ಇಲ್ಲದಿದ್ದರೆ ತೋಳು ಹಿಂದಕ್ಕೆ ಬಿದ್ದು ರಾತ್ರಿಯೆಲ್ಲ ಎಳೆಯುತ್ತದೆ. ಟೀ ಶರ್ಟ್ ಬೀರುವಿನಲ್ಲೇ ಇರಲಿ, ಗುಂಡಿಯ ಅಂಗಿ ಮಾತ್ರ. ಪೆಟ್ಟಾದ ಕೈ ಮೊದಲು ಒಳಗೆ, ತೆಗೆಯುವಾಗ ಅದೇ ಕೊನೆಗೆ. ಸ್ನಾನಕ್ಕೆ ಮುಂದಕ್ಕೆ ಬಾಗಿ ಕೈ ಜೋತುಬಿಟ್ಟರೆ ಕಂಕುಳು ತೊಳೆಯಲು ಬರುತ್ತದೆ. ಒರೆಸಿದ ಮೇಲೆ ಅಲ್ಲಿ ಮಡಚಿದ ಹತ್ತಿ ಬಟ್ಟೆ ಇಡದಿದ್ದರೆ ನಮ್ಮ ಸೆಕೆಗೆ ನಾಲ್ಕೇ ದಿನದಲ್ಲಿ ಚರ್ಮ ಬೇಯುತ್ತದೆ. ಕುಕ್ಕರುಗಾಲಿನ ಕಕ್ಕಸಿನಿಂದ ಏಳುವಾಗ ಕೈಯೂರುವ ಅಭ್ಯಾಸ ನಮಗಿದೆ, ಆ ಕೈ ಎಡಗೈ ಆಗದಂತೆ ನೋಡಿಕೊಳ್ಳಬೇಕು. ತುಂಬಿದ ಬಕೆಟ್ ಅಂದರೆ 15 ಕೆ.ಜಿ. ಮುಟ್ಟಬೇಡಿ.

ದೊಡ್ಡ ಮೋಸ ಕಾದಿರುವುದು ಮೂರನೇ ವಾರದಲ್ಲಿ. ಅಷ್ಟರಲ್ಲಿ ತುಂಡುಗಳ ನಡುವೆ ಮೆತ್ತನೆಯ ಗಂಟು ಕಟ್ಟಿರುತ್ತದೆ, ಅಲುಗಾಟ ನಿಲ್ಲುತ್ತದೆ, ನೋವು ಮಾಯ. ಎಲುಬಿಗೆ ಬಲ ಬಂದಿರುವುದಿಲ್ಲ. ನೋವು ಹೋಯಿತೆಂದು ರಸ್ತೆಗಿಳಿದು ಮತ್ತೆ ಅದೇ ಜಾಗದಲ್ಲಿ ಮುರಿದುಕೊಳ್ಳುವುದು ಈ ವಾರಗಳಲ್ಲೇ. ನನ್ನ ಲೆಕ್ಕ ಹೀಗಿತ್ತು: 3 ವಾರದ ತನಕ ಸ್ಲಿಂಗ್ ಮತ್ತು ಕೈ ಜೋತುಬಿಟ್ಟು ಲೋಲಕದ ಹಾಗೆ ತೂಗುವುದು, 3ರಿಂದ 6 ವಾರ ಬಲಗೈ ಆಸರೆಯಲ್ಲಿ ಎಡಗೈಯನ್ನು ಭುಜದ ಮಟ್ಟದವರೆಗೆ, ಅದಕ್ಕಿಂತ ಮೇಲಕ್ಕಿಲ್ಲ, 6ನೇ ವಾರದ ಎಕ್ಸ್‌ರೇಯಲ್ಲಿ ಗಂಟು ಗಟ್ಟಿಯಾದದ್ದು ಕಂಡ ಮೇಲೆ ಪೂರ್ತಿ ಚಲನೆ, 9ನೇ ವಾರದಿಂದ ರಬ್ಬರ್ ಬ್ಯಾಂಡ್, 12ನೇ ವಾರದ ಎಕ್ಸ್‌ರೇ ನೋಡಿ ಭಾರ. ಸಿಗರೇಟು ಸೇದುವವರಿಗೆ ಎಲುಬು ಕೂಡುವುದು ನಿಧಾನ, ಕೆಲವೊಮ್ಮೆ ಕೂಡುವುದೇ ಇಲ್ಲ.

ಊಟದ್ದು ಬೇಗ ಹೇಳಿ ಮುಗಿಸುತ್ತೇನೆ. ಕೆಲಸವಿಲ್ಲದ ಮೈಗೆ ಊಟ ಕಡಿಮೆ ಮಾಡುವುದು ತಪ್ಪು. ಮೈತೂಕದ ಪ್ರತಿ ಕೆ.ಜಿ.ಗೆ 1.6 ಗ್ರಾಂನಷ್ಟು ಪ್ರೋಟೀನ್, ಅಂದರೆ 65 ಕೆ.ಜಿ.ಗೆ ದಿನಕ್ಕೆ 104 ಗ್ರಾಂ. ಅನ್ನ ಸಾರಿನಲ್ಲಿ ಅದು ಆಗುವುದಿಲ್ಲ. ಮೊಟ್ಟೆ, ಮೊಳಕೆಕಾಳು, ಪನೀರ್, ಅರ್ಧ ಲೀಟರ್ ಹಾಲು ಸೇರಬೇಕು. ಕ್ಯಾಲ್ಸಿಯಂ ದಿನಕ್ಕೆ 1000 ಮಿ.ಗ್ರಾಂ.; 100 ಗ್ರಾಂ ರಾಗಿಹಿಟ್ಟಿನಲ್ಲಿ ಅದರ ಮೂರನೇ ಒಂದು ಭಾಗ ಇದೆ. ವಿಟಮಿನ್ ಡಿ ಒಮ್ಮೆ ಪರೀಕ್ಷೆ ಮಾಡಿಸಿ.

ಒರಗಿಕೊಂಡೇ ಕಳೆಯುವ ಆ ರಾತ್ರಿಗಳಲ್ಲಿ ನಾನು ಮತ್ತೆ ಮತ್ತೆ ನೋಡಿದ್ದು ಇಟಲಿಯ ಸೈಕಲ್ ಓಟಗಾರ ಫಿಯೊರೆಂಜೊ ಮಾನಿಯ ಒಂದು ಕಪ್ಪುಬಿಳುಪು ಫೋಟೊ. 1956ರ ಜಿರೊ ದಿತಾಲಿಯಾ, ದಿನಕ್ಕೊಂದು ಹಂತದಂತೆ ವಾರಗಟ್ಟಲೆ ನಡೆಯುವ ಇಟಲಿಯ ಸೈಕಲ್ ಓಟ. 35 ವರ್ಷದ ಮಾನಿಗೆ ಅದು ಕೊನೆಯ ಋತು. 12ನೇ ಹಂತದಲ್ಲಿ ಬಿದ್ದು ಎಡ ಕಾಲರ್ ಬೋನ್ ಮುರಿದುಕೊಂಡರೂ ಓಟ ಬಿಡಲಿಲ್ಲ. ಮುಂದೆ ಬೊಲೋನ್ಯದ ಸಾನ್ ಲೂಕಾ ಏರಿನಲ್ಲಿ ಟೈಮ್ ಟ್ರಯಲ್, ಅಂದರೆ ಒಬ್ಬೊಬ್ಬರೇ ಗಡಿಯಾರದ ಎದುರು ಓಡುವ ಸ್ಪರ್ಧೆ. ಕಡಿದಾದ ಏರಿನಲ್ಲಿ ತುಳಿಯುವ ಕಾಲಿಗೆ ಎದುರಾಗಿ ಕೈ ಹ್ಯಾಂಡಲ್ಲನ್ನು ಎಳೆಯಲೇಬೇಕು, ಆ ಎಳೆತವೇ ಮುರಿದ ಎಲುಬಿನ ಮೂಲಕ ಹಾಯುತ್ತದೆ. ಮೆಕ್ಯಾನಿಕ್ ಫಾಲಿಯೆರೊ ಮಾಸಿ ಒಂದು ಉಪಾಯ ಮಾಡಿದರು. ಟ್ಯೂಬಿನ ತುಂಡೊಂದನ್ನು ಹ್ಯಾಂಡಲ್‌ಗೆ ಕಟ್ಟಿ, ಇನ್ನೊಂದು ತುದಿಯನ್ನು ಮಾನಿಯ ಹಲ್ಲಿಗೆ ಕೊಟ್ಟರು. ಎಡಗೈ ಎಳೆಯಬೇಕಾದ್ದನ್ನು ದವಡೆ ಎಳೆಯಿತು. ಫೋಟೊದಲ್ಲಿ ಆ ರಬ್ಬರು ಬಾಯಿಂದ ಹ್ಯಾಂಡಲ್ ತನಕ ತಂತಿಯಂತೆ ಬಿಗಿದು ನಿಂತಿದೆ. ಆಮೇಲೊಂದು ಹಂತದಲ್ಲಿ, ಎಡಗೈಯಲ್ಲಿ ಬ್ರೇಕ್ ಒತ್ತುವ ಶಕ್ತಿಯಿಲ್ಲದೆ ಮತ್ತೆ ಬಿದ್ದು ತೋಳಿನ ಎಲುಬೂ ಮುರಿಯಿತು. ಆದರೂ ಮಾಂಟೆ ಬೊಂಡೋನೆ ಬೆಟ್ಟದ ಹಿಮಪಾತವನ್ನು ದಾಟಿ, ಗೆದ್ದ ಚಾರ್ಲಿ ಗಾಲ್ ನಂತರ ಎರಡನೆಯವರಾಗಿ ಓಟ ಮುಗಿಯುವ ಮಿಲಾನ್ ಮುಟ್ಟಿದರು.

ಇದನ್ನು ನೋಡಿ ಎದೆ ತುಂಬಿ ಬರುತ್ತದೆ, ನನಗೂ ಬಂದಿದೆ. ಆದರೆ ನಾನು ಅದರಿಂದ ತೆಗೆದುಕೊಂಡದ್ದು ಟ್ಯೂಬಿನ ತುಂಡನ್ನು, ಎರಡನೇ ಬೀಳುವಿಕೆಯನ್ನಲ್ಲ. ಯಾವ ಭಾರ ಎಲ್ಲಿ ಹಾಯುತ್ತದೆ ಎಂದು ತಿಳಿದು ಅದನ್ನು ಬೇರೆಡೆಗೆ ವರ್ಗಾಯಿಸಿದ ಜಾಣತನ ಅದು. 2018ರ ಟೂರ್ ದ ಫ್ರಾನ್ಸ್‌ನ ಮೊದಲ ಹಂತದಲ್ಲೇ ಹೆಗಲ ಹಲಗೆ ಮುರಿದುಕೊಂಡ ಅಮೆರಿಕದ ಲಾಸನ್ ಕ್ರಾಡಕ್ ಮೂರು ವಾರವೂ ಓಡಿ 145ನೆಯವರಾಗಿ, ಎಲ್ಲರಿಗಿಂತ ಕೊನೆಗೆ, ಪ್ಯಾರಿಸ್ ಮುಟ್ಟಿದರು. ಹೂಸ್ಟನ್‌ನ ಹಾಳಾದ ವೆಲೊಡ್ರೋಮ್ (ಸೈಕಲ್ ಓಟದ ಕ್ರೀಡಾಂಗಣ) ದುರಸ್ತಿಗೆ ದಾರಿಯುದ್ದಕ್ಕೂ ಹಣ ಕೂಡಿಸಿದರು. ನೆದರ್‌ಲ್ಯಾಂಡ್ಸ್‌ನ ಆನೆಮೀಕ್ ಫಾನ್ ಫ್ಲೂಟನ್ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಮುಂದಿದ್ದಾಗಲೇ ಇಳಿಜಾರಿನಲ್ಲಿ ಬಿದ್ದು ಬೆನ್ನೆಲುಬಿಗೆ ಮೂರು ಕಡೆ ಪೆಟ್ಟು ಮಾಡಿಕೊಂಡವರು, 2021ರಲ್ಲಿ ಟೋಕಿಯೊದಲ್ಲಿ ಟೈಮ್ ಟ್ರಯಲ್ ಚಿನ್ನ ಗೆದ್ದರು. ಡೆನ್ಮಾರ್ಕ್‌ನ ಯೋನಾಸ್ ವಿಂಗೆಗೋರ್ 2024ರ ಏಪ್ರಿಲ್ 4ರಂದು ಸ್ಪೇನಿನ ಬಾಸ್ಕ್ ನಾಡಿನ ಓಟದಲ್ಲಿ ಬಿದ್ದಾಗ ಕಾಲರ್ ಬೋನ್, ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೂ ಗಾಯವಾಗಿ 12 ದಿನ ಆಸ್ಪತ್ರೆಯಲ್ಲಿದ್ದರು. ಜುಲೈನಲ್ಲಿ ಟೂರ್‌ನಲ್ಲಿ ಎರಡನೇ ಸ್ಥಾನ. ಇವರ ಹಿಂದೆ ದಿನವೂ ನೋಡುವ ಡಾಕ್ಟರು, ಫಿಸಿಯೋ, ಅಡುಗೆಯವರು ಇರುತ್ತಾರೆ. ನಮಗಿರುವುದು ತಿಂಗಳಿಗೊಮ್ಮೆ ಓಪಿಡಿ ಸಾಲು. ಬಿದ್ದರೆ ಋತುವೇ ಕೈತಪ್ಪುವ ವಿಜಯಪುರ, ಬಾಗಲಕೋಟೆ ಕಡೆಯ ನಮ್ಮ ಸೈಕ್ಲಿಸ್ಟ್ ಹುಡುಗ ಹುಡುಗಿಯರಿಗೆ ಅದೂ ಸುಲಭವಿಲ್ಲ, ಆದರೂ ಮರಳಿ ಬಂದು ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಓಡುತ್ತಾರೆ. ಅವರ ಗಟ್ಟಿತನಕ್ಕೆ ನಾನು ಹೆಚ್ಚು ತಲೆಬಾಗುತ್ತೇನೆ.

ಡಾಕ್ಟರು ಒಪ್ಪಿದ ಮೇಲೆ 14ನೇ ದಿನ ಟ್ರೈನರ್ (ಮನೆಯೊಳಗೆ ನಿಂತಲ್ಲೇ ತುಳಿಯಲು ಸೈಕಲ್ ಕೂರಿಸುವ ಸ್ಟ್ಯಾಂಡ್) ಹತ್ತಿದೆ. ಸೈಕಲ್ ಪಕ್ಕ ಗಟ್ಟಿ ಸ್ಟೂಲ್ ಇಟ್ಟು, ಮನೆಯವರೊಬ್ಬರು ಹಿಡಿದಿರುವಾಗಲೇ ಹತ್ತುವುದು. ಎಡಗೈ ಸ್ಲಿಂಗಿನಲ್ಲಿ, ಬಲಗೈ ಹ್ಯಾಂಡಲ್‌ನ ನಡುಭಾಗದಲ್ಲಿ, ಬೆನ್ನು ನೆಟ್ಟಗೆ. 20 ನಿಮಿಷ, ನಿಮಿಷಕ್ಕೆ 85 ಸುತ್ತು, ಮಾತಾಡಲು ಬರುವಷ್ಟೇ ಶ್ರಮ. ನೆಟ್ಟಗೆ ಕೂತಾಗ ಮೈಭಾರವೆಲ್ಲ ಸೀಟಿನ ಮೇಲೇ ಬೀಳುವುದರಿಂದ 20 ನಿಮಿಷಕ್ಕಿಂತ ಹೆಚ್ಚು ಕೂರಲಾಗುವುದಿಲ್ಲ. ಬೇಕಿದ್ದರೆ ಸಂಜೆ ಇನ್ನೊಂದು ಸಲ. ಫ್ಯಾನ್ ನೇರ ಮೈಮೇಲಿರಲಿ, ಬೆವರು ಇಳಿದರೆ ಪಟ್ಟಿ ಏಳುತ್ತದೆ. 4ನೇ ವಾರ 40 ನಿಮಿಷ, 6ನೇ ವಾರದಿಂದ ಎರಡೂ ಕೈ ಹ್ಯಾಂಡಲ್ ಮೇಲೆ. ನಿಂತು ತುಳಿಯುವುದು 10ನೇ ವಾರದವರೆಗೂ ಇಲ್ಲ. ಮಾನಿಯ ರಬ್ಬರು ಹೊತ್ತ ಎಳೆತ ಇದೇ.

ಆ ನಡುವೆ ಸೈಕಲ್ ನೋಡಬೇಕು. ಹೆಲ್ಮೆಟ್ಟಿಗೆ ಪೆಟ್ಟು ಬಿದ್ದಿದ್ದರೆ ಬಿರುಕು ಕಾಣದಿದ್ದರೂ ಎಸೆಯಿರಿ. ಒಳಗಿನ ಥರ್ಮಾಕೋಲು ಒಂದೇ ಸಲ ನಜ್ಜಾಗುವುದಕ್ಕೆ ಮಾಡಿದ್ದು. ಬಲಕ್ಕೆ ಬಿದ್ದಿದ್ದರೆ ಹಿಂದಿನ ಡಿರೇಲರ್ (ಗೇರ್ ಬದಲಿಸಲು ಚೈನು ಸರಿಸುವ ಭಾಗ) ತೂಗುವ ಹ್ಯಾಂಗರ್ ಬಾಗಿರಬಹುದು. ಹಿಂದೆ ನಿಂತು ನೋಡಿ, ಡಿರೇಲರ್‌ನ ಎರಡು ಪುಟ್ಟ ಗಾಲಿಗಳೂ ಮೇಲಿನ ಹಲ್ಲುಗಾಲಿಯೂ ಒಂದೇ ಗೆರೆಯಲ್ಲಿರಬೇಕು. ಬಾಗಿದ್ದನ್ನು ಹಾಗೇ ಬಿಟ್ಟು ಏರಿನಲ್ಲಿ ಅತಿ ಹಗುರ ಗೇರಿಗೆ ಹಾಕಿದರೆ ಡಿರೇಲರ್ ಕಡ್ಡಿಗಳೊಳಗೆ ಹೋಗಿ ಚಕ್ರ ಲಾಕ್ ಆಗುತ್ತದೆ. ಅಲ್ಯುಮಿನಿಯಂ ಹ್ಯಾಂಡಲ್ ಬಾಗಿದ್ದರೆ ನೆಟ್ಟಗೆ ಮಾಡಿಸಬೇಡಿ, ಬದಲಿಸಿ. ಒಮ್ಮೆ ಬಾಗಿದ್ದು ಮುಂದೆ ಎಚ್ಚರಿಕೆಯಿಲ್ಲದೆ ಮುರಿಯುತ್ತದೆ. ಹ್ಯಾಂಡಲ್‌ಗೆ ಸುತ್ತಿದ ಟೇಪ್ ಬಿಚ್ಚದೆ ಇದು ತಿಳಿಯುವುದಿಲ್ಲ. ಕಾರ್ಬನ್ ಫ್ರೇಮಿನ ಮೇಲೆ ಹತ್ತಿಯುಂಡೆ ಎಳೆದರೆ ಬಿರುಕಿಗೆ ಎಳೆ ಸಿಕ್ಕಿಕೊಳ್ಳುತ್ತದೆ. ನಾಣ್ಯದಿಂದ ತಟ್ಟಿದಾಗ ಟಣ್ ಎನ್ನುವ ಬದಲು ಒಂದೆಡೆ ಮಂದ ಸದ್ದು ಬಂದರೆ ತಿಳಿದವರಿಗೆ ತೋರಿಸಿ.

ರಸ್ತೆಗಿಳಿದದ್ದು 12ನೇ ವಾರದ ಎಕ್ಸ್‌ರೇ ಆದ ಮೇಲೆ. ರಸ್ತೆಗಿಳಿಯುವ ಮೊದಲು ಮನೆಯಲ್ಲಿ ಮೂರು ಪರೀಕ್ಷೆ: ನೆಲದ ಮೇಲೆ ಅಂಗೈಯೂರಿ, ಮೈ ನೆಟ್ಟಗೆ ಎತ್ತಿ ಹಿಡಿದು 30 ಸೆಕೆಂಡ್ ಪ್ಲ್ಯಾಂಕ್, ಎರಡೂ ಹೆಗಲ ಮೇಲಿಂದ ಹಿಂದಿರುಗಿ ನೋಡುವುದು, ಟ್ರೈನರ್ ಮೇಲೆ ಎರಡೂ ಬ್ರೇಕನ್ನು ಪೂರ್ತಿ ಒತ್ತಿ 10ರವರೆಗೆ ಎಣಿಸುವುದು. ಒಂದರಲ್ಲಿ ನೋವು ಬಂದರೂ ಇನ್ನೊಂದು ವಾರ. 25 ಮಿ.ಮೀ. ಅಗಲದ ಟಯರ್ ತೆಗೆದು 28 ಮಿ.ಮೀ.ದು ಹಾಕಿ ಗಾಳಿಯನ್ನು 70 ಪಿಎಸ್‌ಐಗೆ ಇಳಿಸಿದೆ. ನಮ್ಮ ಹಂಪುಗಳ ಕುಲುಕು ಭುಜಕ್ಕೆ ತಲುಪುವುದು ಎಷ್ಟೋ ಕಡಿಮೆಯಾಯಿತು.

ಕೊನೆಗೆ ಹೋಗುವುದು ತಿರುವಿನ ಹೆದರಿಕೆ. ಖಾಲಿ ಮೈದಾನದಲ್ಲಿ 6 ಹೆಜ್ಜೆ ಅಂತರಕ್ಕೆ ಎರಡು ನೀರಿನ ಬಾಟಲಿ ಇಟ್ಟು, ಅವುಗಳ ಸುತ್ತ ಕನ್ನಡದ 8ರಂತೆ ಅಲ್ಲ, ಇಂಗ್ಲಿಷಿನ 8ರಂತೆ ದಿನಕ್ಕೆ 15 ನಿಮಿಷ ತಿರುಗಿದೆ. ಹೊರಗಿನ ಪೆಡಲ್ ಕೆಳಗೆ, ಭಾರವೆಲ್ಲ ಅದರ ಮೇಲೆ, ಕಣ್ಣು ತಿರುವು ಮುಗಿಯುವ ಕಡೆಗೆ. ಇಳಿಜಾರಿನಲ್ಲಿ ಬ್ರೇಕ್ ಕೆಲಸವೆಲ್ಲ ತಿರುವಿಗೆ ಮೊದಲೇ ಮುಗಿದಿರಬೇಕು. ಮರಳಿನ ಮೇಲೆ ಚಕ್ರ ಹತ್ತಿಬಿಟ್ಟರೆ ಬ್ರೇಕೂ ಬೇಡ, ತಿರುಗಿಸುವುದೂ ಬೇಡ; ಸೈಕಲ್ಲನ್ನು ನೆಟ್ಟಗೆ ಮಾಡಿ ಆ ಒಂದೆರಡು ಗಜ ನೇರ ದಾಟಿಸಿ, ಆಮೇಲೆ ತಿರುಗಿಸಿ.

ಎಲುಬು ಕೂಡಿದ ಕಡೆ ಅಡಿಕೆಯಷ್ಟು ಗಂಟು ಉಳಿದಿದೆ. ಬಿಬ್ ಶಾರ್ಟ್ಸ್‌ನ (ಹೆಗಲಿಗೆ ಹಾಕುವ ಪಟ್ಟಿಯಿರುವ ಸೈಕಲ್ ಚಡ್ಡಿ) ಪಟ್ಟಿ ಸರಿಯಾಗಿ ಅದರ ಮೇಲೇ ಕೂತು ಎರಡು ಗಂಟೆಯಾದ ಮೇಲೆ ಉಜ್ಜುತ್ತದೆ. ಪಟ್ಟಿಯನ್ನು ಎರಡು ಬೆರಳಷ್ಟು ಹೊರಕ್ಕೆ ಸರಿಸಿ, ಜರ್ಸಿ ಹಾಕುವ ಮೊದಲೇ ಆ ಜಾಗಕ್ಕೆ ಒಂದಿಷ್ಟು ವ್ಯಾಸಲೀನ್ ಸವರಿದರೆ 200 ಕಿ.ಮೀ.ಗೂ ತೊಂದರೆಯಿಲ್ಲ.